ಎಲ್ಲ ಸ್ವಲ್ಪ ಸ್ವಲ್ಪ ಓದಿದವಳ ಮಾತು

ಡಿಗ್ರಿ ಮುಗಿದು ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ಕೇಳಿ ಕೇಳಿ ಸಾಕಾದ ಪ್ರಶ್ನೆ ಒಂದೇ. "ಅದೆಲ್ಲ ಸರಿ, ನೀನು ಓದಿದ್ದು ಏನು?" ಲಿಬರಲ್ ಆರ್ಟ್ಸ್ ಅಂದರೆ ಕೆಲವರಿಗೆ ಚಿತ್ರ ಬಿಡಿಸೋ ಕಾಲೇಜು, ಇನ್ನು ಕೆಲವರಿಗೆ ರಾಜಕೀಯ. ಎರಡೂ ಅಲ್ಲ, ಗಣಿತ, ವಿಜ್ಞಾನ, ಸಮಾಜಶಾಸ್ತ್ರ, ತತ್ವಶಾಸ್ತ್ರ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಿ, ಕೊನೆಗೆ ಒಂದು ವಿಷಯವನ್ನು ಆಳವಾಗಿ ಓದೋ ಡಿಗ್ರಿ ಅಂತ ಹೇಳಿ ಬಾಯಿ ನೋವು ಬಂತು. ಬರೆದೇ ಬಿಡೋಣ ಅನ್ನಿಸಿತು.

ಲ್ಯಾಟಿನ್ನಿನಲ್ಲಿ 'ಲೀಬರ್' ಅಂದರೆ ಸ್ವತಂತ್ರ. ಗುಲಾಮನಲ್ಲದವನು ಕಲಿಯಬೇಕಾದ ವಿದ್ಯೆ ಅನ್ನೋ ಅರ್ಥದಲ್ಲಿ ಈ ಹೆಸರು ಬಂತು. ಮಧ್ಯಯುಗದ ಯುರೋಪಿನಲ್ಲಿ ಇಂಥವು ಏಳಿದ್ದವು. ವ್ಯಾಕರಣ, ತರ್ಕ, ಮಾತುಗಾರಿಕೆ ಒಂದು ಕಡೆ. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಇನ್ನೊಂದು ಕಡೆ. ಚಿತ್ರಕಲೆ ಆ ಪಟ್ಟಿಯಲ್ಲೇ ಇರಲಿಲ್ಲ! ಸಂಗೀತ ಮಾತ್ರ ಯಾಕೆ ಲೆಕ್ಕದ ಪಕ್ಕ ಕೂತಿದೆ ಅನ್ನೋದು ನನಗೆ ಎರಡನೇ ವರ್ಷದಲ್ಲಿ ಗೊತ್ತಾಯಿತು.

ನಮಗೆ ಗಣಿತದ ಒಂದು ಕೋರ್ಸ್ ಕಡ್ಡಾಯ. ಸುಲಭ ಇರಬಹುದು ಅಂತ 'ಸಂಗೀತ ಮತ್ತು ಗಣಿತ' ತೆಗೆದುಕೊಂಡೆ. ತರಗತಿಯಲ್ಲಿದ್ದದ್ದು ಹದಿನಾಲ್ಕೇ ಜನ. ಮೇಷ್ಟ್ರು ಹಲಗೆಯೊಂದಕ್ಕೆ ತಂತಿ ಬಿಗಿದು ತಂದಿದ್ದರು. ಒಮ್ಮೆ ಮೀಟಿದರು. ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿದರು, ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬಂತು. ತಂತಿಯ ಮೂರರಲ್ಲಿ ಎರಡು ಪಾಲು ಮಾತ್ರ ಮಿಡಿಯುವಂತೆ ಒತ್ತಿ ಮೀಟಿದರೆ ಪಂಚಮ, ಅಂದರೆ ಸರಿಗಮದ 'ಪ'. "ಈ ಪಂಚಮದ ಮೆಟ್ಟಿಲನ್ನ ಹನ್ನೆರಡು ಸಲ ಹತ್ತಿದರೆ ಹೊರಟ ಸ್ವರಕ್ಕೇ ಬಂದು ಸೇರ್ತೀವಾ?" ಅಂತ ಕೇಳಿದರು. ಸೇರ್ತೀವಿ ಸರ್ ಅಂದೆ, ಸುಮ್ನೆ ಧೈರ್ಯದ ಮೇಲೆ.

"ಬಾ, ಲೆಕ್ಕ ಹಾಕು."

ಒಂದು ಪಂಚಮ ಹತ್ತಿದರೆ ತಂತಿಯ ಕಂಪನ ಒಂದೂವರೆ ಪಟ್ಟು, ಒಂದು ಸ್ಥಾಯಿ ಹತ್ತಿದರೆ ಎರಡು ಪಟ್ಟು. ಬೋರ್ಡಿನ ಮುಂದೆ ನಿಂತು ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದೆ. 129.746 ಬಂತು. ಏಳು ಸ್ಥಾಯಿ ಮೇಲಿನ ಅದೇ ಸ್ವರಕ್ಕೆ ಬರಬೇಕಾದ್ದು ಎರಡನ್ನು ಏಳು ಸಲ ಗುಣಿಸಿದಷ್ಟು, ಅಂದರೆ 128. ಬೆವರು ಒರೆಸಿಕೊಂಡು ಮತ್ತೆ ಗುಣಿಸಿದೆ. ಅದೇ. ಮೇಷ್ಟ್ರು ನಕ್ಕರು. "ತಪ್ಪು ನಿನ್ನದಲ್ಲಮ್ಮ, ಅದು ಇರೋದೇ ಹಾಗೆ." ಒಂದೂವರೆ ಅಂದರೆ ಮೂರರ ಅರ್ಧ. ಮೂರನ್ನು ಮೂರರಿಂದಲೇ ಎಷ್ಟು ಸಲ ಗುಣಿಸಿದರೂ ಬೆಸ ಸಂಖ್ಯೆ, ಎರಡನ್ನು ಎರಡರಿಂದ ಗುಣಿಸಿದರೆ ಸಮ ಸಂಖ್ಯೆ. ಎಲ್ಲಿಂದ ಸೇರಬೇಕು? ಅದಕ್ಕೇ ಇವತ್ತಿನ ಪಿಯಾನೋದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿ, ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ಇಳಿಸಿರುತ್ತಾರೆ. ಕೇಳಲು ಹಿತವಾಗಿರುವ ಆ ಪಂಚಮ ಸ್ವಲ್ಪ ಸುಳ್ಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ನಾವು ಯೋಚನೆ ಮಾಡೋದನ್ನ ಕಲಿಸ್ತೀವಿ" ಅಂತ ಇಂಥ ಕಾಲೇಜುಗಳು ಹೇಳಿಕೊಳ್ಳುತ್ತವಲ್ಲ, ಅದನ್ನು ಕಂಡರೆ ನನಗೆ ಈಗಲೂ ಸಿಟ್ಟು. ಮಾತು ಹೊಸದೂ ಅಲ್ಲ. ಅಮೆರಿಕದ ಯೇಲ್ ಕಾಲೇಜಿನವರು 1828ರಲ್ಲೇ ಗ್ರೀಕ್, ಲ್ಯಾಟಿನ್ ಪಾಠಗಳನ್ನು ಉಳಿಸಿಕೊಳ್ಳಲು ವರದಿ ಬರೆದು, ಮನಸ್ಸನ್ನು ತುಂಬುವುದಕ್ಕಿಂತ ಪಳಗಿಸುವುದು ದೊಡ್ಡದು ಅಂತ ವಾದಿಸಿದ್ದರು. ಹಾಗಾದರೆ ಬೇರೆ ಕಡೆ ಓದಿದವರು ಯೋಚನೆ ಮಾಡಲ್ವಾ? ನರ್ಸಿಂಗ್ ಓದಿದ ನನ್ನ ಗೆಳತಿ ಒಂದು ರಾತ್ರಿ ಪಾಳಿಯಲ್ಲಿ ಮಾಡುವಷ್ಟು ಯೋಚನೆ ನಾನು ಒಂದು ಸೆಮಿಸ್ಟರ್‌ನಲ್ಲೂ ಮಾಡಿಲ್ಲ.

ನನಗೆ ಸಿಕ್ಕಿದ್ದು ಬೇರೆ. ಅಡಗಿಕೊಳ್ಳಲು ಜಾಗ ಇರಲಿಲ್ಲ, ಅಷ್ಟೇ. ಹದಿನಾಲ್ಕು ಜನರಲ್ಲಿ ಓದದೆ ಬಂದವಳು ಎರಡು ನಿಮಿಷಕ್ಕೆ ಸಿಕ್ಕಿಬೀಳುತ್ತಾಳೆ. ನನ್ನ ಮೊದಲ ಪ್ರಬಂಧ ವಾಪಸ್ ಬಂದಾಗ ಅಂಚಿನಲ್ಲಿ ಒಂದೇ ಸಾಲು ಹನ್ನೊಂದು ಕಡೆ ಇತ್ತು: "ಇದು ನಿನಗೆ ಹೇಗೆ ಗೊತ್ತು?" ಎಣಿಸಿದ್ದೇನೆ.

ದೂರುಗಳೂ ಇವೆ. ಮೊದಲೆರಡು ವರ್ಷ ಸಮಾಜಶಾಸ್ತ್ರಕ್ಕೆ ಪೀಠಿಕೆ, ಜೀವಶಾಸ್ತ್ರಕ್ಕೆ ಪೀಠಿಕೆ, ತತ್ವಶಾಸ್ತ್ರಕ್ಕೆ ಪೀಠಿಕೆ. ಪುಸ್ತಕವೇ ಇಲ್ಲದ ಪೀಠಿಕೆಗಳು! ಒಂದು ವಿಷಯದ ತಳ ಮುಟ್ಟಿದ್ದು ಕೊನೆಯ ವರ್ಷದ ಥೀಸಿಸ್‌ನಲ್ಲಿ ಮಾತ್ರ. ಅದನ್ನು ಮೊದಲೇ ಶುರು ಮಾಡಿಸಬೇಕಿತ್ತು. ಕೆಲಸದ ವಿಷಯ ಕೇಳಿದರೆ "ನಿಮಗೆ ಎಲ್ಲ ಬಾಗಿಲೂ ತೆರೆದಿದೆ" ಅನ್ನುತ್ತಿದ್ದರು. ಮೊದಲ ಸಂದರ್ಶನದಲ್ಲಿ ಎಕ್ಸೆಲ್ ಬರುತ್ತಾ ಅಂತ ಕೇಳಿದರು. ಬರುತ್ತಿರಲಿಲ್ಲ. ಮನೆಗೆ ಬಂದು ಎರಡು ವಾರ ಕೂತು ಕಲಿತೆ. ಸಾಲ ಮಾಡಿ ಓದುವವರಿಗೆ ಇದನ್ನೆಲ್ಲ ಮೊದಲ ದಿನವೇ ಹೇಳಬೇಕು.

ಕಳೆದ ವಾರ ಚಿಕ್ಕಪ್ಪ ಮತ್ತೆ ಅದೇ ಪ್ರಶ್ನೆ ತೆಗೆದರು. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೀರಿ, ಒಂದೂವರೆಯನ್ನ ಹನ್ನೆರಡು ಸಲ ಗುಣಿಸಿ ಅಂದೆ. 128 ಬರಬೇಕು ಅಂತ ಬೇಕಂತಲೇ ಹೇಳಿದ್ದೆ. ಗುಣಿಸಿದರು. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಎಲ್ಲೋ ತಪ್ಪಾಯ್ತು, ತಡಿ" ಅಂದು ಮೊದಲಿಂದ ಒತ್ತತೊಡಗಿದರು.