ಹಾರೋರಿಗೆ ಹಾರಾಟವನ್ನೇ ಹೊರಗಿಟ್ಟ ವಿಮೆ ಕೊಡ್ತೀರಲ್ಲ, ಏನನ್ನಬೇಕು ನಿಮಗೆ?

ಮಳೆ ನಿಂತು ಅಕ್ಟೋಬರ್ ಬಂತು ಅಂದ್ರೆ ಪುಣೆ ಹತ್ತಿರದ ಕಾಮಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಸೀಸನ್ ಶುರು. ಪುಣೆ, ಮುಂಬೈ, ಆ ಕಡೆ ಬೆಳಗಾವಿ, ಹುಬ್ಬಳ್ಳಿಯಿಂದಲೂ ಪೈಲಟ್‌ಗಳು ಬ್ಯಾಗ್ ಹೊತ್ತು ಬರ್ತಾರೆ. ವಾರಾಂತ್ಯಕ್ಕೊಂದು ಗುಂಪು ಹಾರಾಟ, ಇಲ್ಲವೇ ಪುಟ್ಟ ಸ್ಪರ್ಧೆ. ಎಂಟ್ರಿ ಫಾರ್ಮಿನ ಕೊನೆಯಲ್ಲಿ ಒಂದೇ ಸಾಲು: ‘ಇನ್ಶೂರೆನ್ಸ್ ಕಡ್ಡಾಯ’. ಯಾವ ಇನ್ಶೂರೆನ್ಸು, ಎಷ್ಟು ಮೊತ್ತದ್ದು, ಯಾರಿಗೆ ಏನಾದರೆ ದುಡ್ಡು ಬರೋದು, ಒಂದಕ್ಷರ ಇಲ್ಲ! ಪೈಲಟ್ ಕೈಗೆ ಸಿಕ್ಕ ಹೆಲ್ತ್ ಕಾರ್ಡಿನ ಫೋಟೋ ಕಳಿಸ್ತಾನೆ, ಆಯೋಜಕರು ಟಿಕ್ ಹಾಕ್ತಾರೆ. ಇಬ್ಬರದೂ ಕೆಲಸ ಮುಗೀತು. ಇದು ವಿಮೆಯಲ್ಲ ಸ್ವಾಮಿ, ಕಣ್ಣೊರೆಸೋ ಕೆಲಸ.

ಆ ಹೆಲ್ತ್ ಪಾಲಿಸಿಯ ಒಳಹಾಳೆ ತಿರುವಿ ನೋಡಿ. ‘ಹೊರತುಪಡಿಕೆ’ಗಳ ಪಟ್ಟಿಯಲ್ಲಿ Excl09 ಅಂತ ಒಂದು ಕೋಡ್ ಇರುತ್ತೆ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟ ಕಲಮು ಅದು: ಅಪಾಯದ, ಸಾಹಸದ ಕ್ರೀಡೆಯಲ್ಲಿ ‘ವೃತ್ತಿಪರ’ನಾಗಿ ಭಾಗವಹಿಸಿ ಪೆಟ್ಟಾದರೆ ಚಿಕಿತ್ಸೆಯ ಖರ್ಚಿಲ್ಲ. ಹವ್ಯಾಸಕ್ಕೆ ಹಾರುವವನಿಗೆ ಇಲ್ಲೊಂದು ದಾರಿ ಇದೆ. ಆದರೆ ಬಹುಮಾನದ ಹಣ ಇಟ್ಟ ಸ್ಪರ್ಧೆಯಲ್ಲಿ ಬಿದ್ದರೆ ‘ವೃತ್ತಿಪರ’ ಅನ್ನೋ ಆ ಒಂದೇ ಪದ ಹಿಡಿದು ಕಂಪನಿಯವರು ಜಗ್ಗಾಡ್ತಾರೆ. ಟ್ಯಾಂಡೆಮ್, ಅಂದ್ರೆ ಇನ್ನೊಬ್ಬರನ್ನ ಜೊತೆಗೆ ಕಟ್ಟಿಕೊಂಡು, ಹಾರಿಸಿ ನಾಲ್ಕು ಕಾಸು ಸಂಪಾದಿಸುವ ಪೈಲಟ್‌ಗಂತೂ ಬಾಯಿ ತೆರೆಯೋಕೂ ಜಾಗ ಇಲ್ಲ.

ಅಪಘಾತ ವಿಮೆ ಇದಕ್ಕಿಂತ ಕಷ್ಟ. ‘ನಾನು ಪರ್ಸನಲ್ ಆಕ್ಸಿಡೆಂಟ್ ಮಾಡಿಸಿದ್ದೀನಿ, 20 ಲಕ್ಷದ್ದು’ ಅಂತ ನಿಶ್ಚಿಂತೆಯಿಂದ ಇರೋರಿಗೇ ಇದು ಹೇಳೋದು. ಮಾಮೂಲಿ ಅಪಘಾತ ಪಾಲಿಸಿಯಲ್ಲಿ ಲೈಸೆನ್ಸ್ ಇರೋ ವಿಮಾನದಲ್ಲಿ ಪ್ರಯಾಣಿಕನಾಗಿ ಕೂತಿದ್ದರೆ ಮಾತ್ರ ಆಕಾಶದಲ್ಲಿ ರಕ್ಷಣೆ. ಬೇರೆ ಯಾವ ರೀತಿ ಹಾರಿದರೂ ಹೊರಗೆ. ಕೈಯಲ್ಲಿ ಗ್ಲೈಡರ್ ತಿರುಗಿಸೋ ಬ್ರೇಕ್ ಹಿಡಿದು ತಾನೇ ಹಾರುವವನು ಪ್ರಯಾಣಿಕ ಹೇಗಾಗ್ತಾನೆ?

ಇನ್ನು ಆಯೋಜಕರು ‘ಗುಂಪು ವಿಮೆ ಎಂಟ್ರಿ ಫೀಯಲ್ಲೇ ಸೇರಿದೆ’ ಅನ್ನೋದು. ಏನು ತಂದಿರ್ತಾರೆ? ಅಗ್ಗ ಅಂತ ಬರೀ ಸಾವಿಗೆ ದುಡ್ಡು ಕೊಡುವ ಪಾಲಿಸಿ. ಪ್ಯಾರಾಗ್ಲೈಡಿಂಗ್‌ನಲ್ಲಿ ಆಗೋ ಪೆಟ್ಟು ಯಾವುದು ಅಂತ ಹತ್ತು ಸೀಸನ್ ನೋಡಿದವರಿಗೆ ಗೊತ್ತಿಲ್ವಾ? ಇಳಿಯುವಾಗ ಹಿಮ್ಮಡಿ ಗಂಟು ಮುರಿಯುತ್ತೆ. ಕುಂಡೆ ಊರಿ ಬಿದ್ದರೆ ಎದೆಭಾಗದ ಬೆನ್ನೆಲುಬು ಮುಗಿದು ಸೊಂಟದ್ದು ಶುರುವಾಗೋ ಜಾಗದಲ್ಲಿ, ಅಂದ್ರೆ ಟಿ12, ಎಲ್1 ಮೂಳೆಯಲ್ಲಿ, ಜಜ್ಜು ಬೀಳುತ್ತೆ. ಆಪರೇಷನ್ ಮಾಡಿ ಸ್ಕ್ರೂ, ರಾಡ್ ಹಾಕಬೇಕು, ಆಮೇಲೆ ತಿಂಗಳುಗಟ್ಟಲೆ ಮನೆ. ಬದುಕಿದ್ದಾನೆ, ಹಾಗಾಗಿ ಆ ಪಾಲಿಸಿಯಿಂದ ಸೊನ್ನೆ. ಆಸ್ಪತ್ರೆ ಖರ್ಚು, ಶಾಶ್ವತ ಊನ, ತಾತ್ಕಾಲಿಕ ಅಶಕ್ತತೆ, ಈ ಮೂರೂ ಬೇರೆ ಬೇರೆಯಾಗಿ ಬರೆಸಬೇಕು. ತಾತ್ಕಾಲಿಕದ್ದು ಸಾಮಾನ್ಯವಾಗಿ ವಾರಕ್ಕೆ ವಿಮಾ ಮೊತ್ತದ ಶೇ. 1, ಹೆಚ್ಚೆಂದರೆ 100 ವಾರ, ಅದಕ್ಕೂ ರೂಪಾಯಿ ಲೆಕ್ಕದಲ್ಲಿ ಒಂದು ಮಿತಿ. ಆ ಮಿತಿ ಎಷ್ಟು ಅಂತ ಕೇಳಿದವರನ್ನು ಇನ್ನೂ ನೋಡಬೇಕು.

ಮೂರನೆಯವರ ಹೊಣೆ, ಅಂದ್ರೆ ಹಾರಾಟದಿಂದ ಬೇರೆಯವರಿಗಾದ ನಷ್ಟ ತುಂಬಿಕೊಡೋ ವಿಮೆ, ಅದರಲ್ಲಿ ಇನ್ನೊಂದು ಗುಂಡಿ. ಆಯೋಜಕರ ಪಬ್ಲಿಕ್ ಲಯಬಿಲಿಟಿ ಪಾಲಿಸಿ ರೈತನ ಬೆಳೆ ತುಳಿದರೆ, ನೋಡೋಕೆ ಬಂದವರ ಮೇಲೆ ಬಿದ್ದರೆ ಬರುತ್ತೆ. ಗುಂಪು ಹಾರಾಟದಲ್ಲಿ ನಿಜವಾದ ಭಯ ಅದಲ್ಲ. ಒಂದೇ ಥರ್ಮಲ್‌ನಲ್ಲಿ, ಅಂದ್ರೆ ಮೇಲೇಳೋ ಬಿಸಿಗಾಳಿಯಲ್ಲಿ, ಹದಿನೈದು ವಿಂಗ್ (ಗ್ಲೈಡರಿನ ಬಟ್ಟೆಯ ರೆಕ್ಕೆ) ಸುತ್ತುತ್ತಿರುತ್ತವೆ. ಮೊದಲು ಹೊಕ್ಕವನು ಎಡಕ್ಕೆ ತಿರುಗಿದ್ರೆ ಎಲ್ಲರೂ ಎಡಕ್ಕೇ ತಿರುಗಬೇಕು. ಒಬ್ಬ ಬಲಕ್ಕೆ ತಿರುಗಿದ, ಎರಡು ವಿಂಗ್‌ನ ದಾರ ಒಂದಕ್ಕೊಂದು ಸುತ್ತಿಕೊಂಡು ಇಬ್ಬರೂ ರಿಸರ್ವ್ (ತುರ್ತು ಪ್ಯಾರಾಶೂಟ್) ಎಸೆದರು ಅಂದ್ಕೊಳ್ಳಿ. ಅನೇಕ ಪಾಲಿಸಿಗಳಲ್ಲಿ ಭಾಗವಹಿಸುವ ಪೈಲಟ್ ‘ಮೂರನೆಯವ’ ಅಲ್ಲ! ಒಬ್ಬರಿಂದ ಒಬ್ಬರಿಗಾದ ನಷ್ಟವೂ ಸೇರಿದೆ ಅಂತ ಪ್ರತ್ಯೇಕ ಸಾಲು ಬರೆಸದಿದ್ದರೆ ಹರಿದ ಗ್ಲೈಡರೂ ಮುರಿದ ಕಾಲೂ ಅವರವರ ಕರ್ಮ.

ದಿನಾಂಕ ನೋಡೋದಂತೂ ಯಾರಿಗೂ ಬೇಡ. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಗೆ ಬರೋವರೆಗೆ ಕಂಪನಿ ಹೊಣೆ ಹೊರೋ ಹಾಗಿಲ್ಲ. ಸ್ಪರ್ಧೆ ಶನಿವಾರ, ಹಣ ಕಟ್ಟಿದ್ದು ಶುಕ್ರವಾರ ಸಂಜೆ, ಅಭ್ಯಾಸದ ಹಾರಾಟ ಶುಕ್ರವಾರ ಬೆಳಗ್ಗೆ. ಆ ಬೆಳಗ್ಗೆ ಹಾರಿದವರೆಲ್ಲ ಬರಿಗೈ. ಸ್ಥಳ ‘ಕಾಮಶೇತ್’ ಅಂತಷ್ಟೇ ಬರೆದಿದ್ದರೆ ಕ್ರಾಸ್ ಕಂಟ್ರಿ ಹಾರಿ ದೂರದ ಹೊಲದಲ್ಲಿ ಇಳಿದವನ ಗತಿ? ನಾಮಿನಿ ಕಾಲಂ ಖಾಲಿ ಬಿಟ್ಟು ಕಳಿಸಿದ ಹೆಸರಿನ ಪಟ್ಟಿಯಿಂದ ಸತ್ತವನ ಮನೆಯವರು ವಾರಸಾ ಪತ್ರಕ್ಕೆ ಕೋರ್ಟು ಅಲೆಯೋದು ಯಾರ ತಪ್ಪು?

ಮತ್ತೆ 500 ರೂಪಾಯಿ ಸ್ಟಾಂಪ್ ಪೇಪರಿನ ಮೇಲೆ ‘ಏನಾದರೂ ನಾನೇ ಹೊಣೆ’ ಅಂತ ಸಹಿ ಮಾಡಿಸ್ಕೊಳ್ಳೋ ಬಾಂಡನ್ನು ದಯವಿಟ್ಟು ವಿಮೆ ಅನ್ನಬೇಡಿ. ಅದು ಆಯೋಜಕರ ಮೈ ಕಾಯೋ ಕಾಗದ. ಬಿದ್ದವನಿಗೆ ಅದರಿಂದ ಬ್ಯಾಂಡೇಜ್ ಪಟ್ಟಿಯೂ ಬರಲ್ಲ.

ಇದೇ ಜನ ಟೇಕಾಫ್‌ನಲ್ಲಿ ದಾರ ಒಂದೊಂದಾಗಿ ಬಿಡಿಸಿ ನೋಡ್ತಾರೆ. ಕ್ಯಾರಬೈನರ್ ಕೊಂಡಿ ಎರಡೆರಡು ಸಲ ಜಗ್ಗಿ ನೋಡ್ತಾರೆ. ಅಷ್ಟು ಶ್ರದ್ಧೆ ಇರೋರು ಎಂಟು ಪುಟದ ಪಾಲಿಸಿ ಓದೋಕೆ ಆಗಲ್ವಾ? ಸಿಟ್ಟು ಬರೋದೇ ಅಲ್ಲಿ.

ಆಯೋಜಕರೇ, ಹದಿನೈದು ದಿನ ಮುಂಚೆ ಪೂರ್ತಿ ಪಾಲಿಸಿ ಕಳಿಸಿ, ಬರೀ ಸರ್ಟಿಫಿಕೇಟ್ ಅಲ್ಲ. ಅದರ ಎಂಡೋರ್ಸ್‌ಮೆಂಟ್‌ನಲ್ಲಿ (ಪಾಲಿಸಿಗೆ ಸೇರಿಸೋ ಬದಲಾವಣೆಯ ಹಾಳೆ) ‘ಪ್ಯಾರಾಗ್ಲೈಡಿಂಗ್’ ಅನ್ನೋ ಪದ ಇರಲಿ, ‘ಒಬ್ಬನೇ ಹಾರುವ ಪೈಲಟ್‌ಗೆ, ಸ್ಪರ್ಧೆಯೂ ಸೇರಿ’ ಅಂತ ಇರಲಿ, ಅಭ್ಯಾಸದ ದಿನದ ತಾರೀಖಿರಲಿ. ಪೈಲಟ್‌ಗಳೇ, ಅದು ಇನ್‌ಬಾಕ್ಸಿಗೆ ಬರೋವರೆಗೆ ಎಂಟ್ರಿ ಫೀ ಹಾಕಬೇಡಿ.