ಉಪಗ್ರಹ ಚಿತ್ರ ನಿಮ್ಮ ಬೀದಿಯ ಗಾಳಿಯ ಅಳತೆಯಲ್ಲ

‘ಉಪಗ್ರಹ ಚಿತ್ರದಲ್ಲಿ ನಿಮ್ಮ ಬಡಾವಣೆ ಕೆಂಪಾಗಿ ಕಾಣದಿದ್ದರೆ ಅಲ್ಲಿ ನೈಟ್ರೋಜನ್ ಡೈಆಕ್ಸೈಡ್ ಭಯವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ವಾಹನಗಳ ಹೊಗೆಯಲ್ಲಿರುವ, ಶ್ವಾಸಕೋಶಕ್ಕೆ ಕೆಡುಕಾದ ಅನಿಲವಿದು. ಆ ಸಂದೇಶ ತಪ್ಪು, ಮಕ್ಕಳು ಮತ್ತು ಅಸ್ತಮಾ ಇರುವವರ ಮಟ್ಟಿಗೆ ಅಪಾಯಕಾರಿ ತಪ್ಪು.

ಇಂತಹ ಅನೇಕ ಚಿತ್ರಗಳ ಮೂಲ, 2017ರಲ್ಲಿ ಕಕ್ಷೆ ಸೇರಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ. ಅದು ಅಳೆಯುವುದು ನೆಲದಿಂದ ಹಲವು ಕಿಲೋಮೀಟರ್ ಎತ್ತರದವರೆಗಿನ ಅನಿಲದ ಒಟ್ಟು ಮೊತ್ತವನ್ನು. ಮೂಗಿನ ಮಟ್ಟದ ಸಾಂದ್ರತೆಯನ್ನಲ್ಲ. ಚಿತ್ರದ ಒಂದೊಂದು ಚುಕ್ಕಿಯೂ ಕೆಲವು ಕಿಲೋಮೀಟರ್ ಅಗಲದ್ದು. ಹೊಗೆ ತುಂಬಿದ ವೃತ್ತವೂ ಪಕ್ಕದ ಉದ್ಯಾನವೂ ಅದರಲ್ಲಿ ಒಂದೇ ಬಣ್ಣ. ಜೊತೆಗೆ, ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಬೆಳಗ್ಗೆ ಮತ್ತು ಸಂಜೆಯ ವಾಹನ ದಟ್ಟಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಧ್ಯಾಹ್ನದ ಬಿಸಿಲು ಈ ಅನಿಲವನ್ನು ಒಡೆಯುತ್ತದೆ ಎಂಬುದೂ ನೆನಪಿರಲಿ.

ಬೀದಿಯ ಗಾಳಿಯನ್ನು ತಿಳಿಯಲು ನೆಲದ ಮೇಲಿನ ಮಾಪನವೇ ಬೇಕು. ಮಾಪನ ಕೇಂದ್ರದ ಯಂತ್ರ ನೈಟ್ರಿಕ್ ಆಕ್ಸೈಡ್ ಎಂಬ ಇನ್ನೊಂದು ಅನಿಲವನ್ನು ಓಝೋನ್ ಜೊತೆ ಬೆರೆಸಿ, ಆಗ ಹೊಮ್ಮುವ ಬೆಳಕನ್ನು ಅಳೆಯುತ್ತದೆ. ನೈಟ್ರೋಜನ್ ಡೈಆಕ್ಸೈಡನ್ನು ಅಳೆಯಲು ಅದನ್ನು ಮೊದಲು ನೈಟ್ರಿಕ್ ಆಕ್ಸೈಡಾಗಿ ಪರಿವರ್ತಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೈಟ್ರೋಜನ್ ಡೈಆಕ್ಸೈಡಿಗೆ ಸೂಚಿಸಿದ ವಾರ್ಷಿಕ ಸರಾಸರಿ ಮಿತಿ, ಅಂದರೆ ಘನ ಮೀಟರಿಗೆ 10 ಮೈಕ್ರೋಗ್ರಾಂ, ಉಸಿರಾಡುವ ಗಾಳಿಗೆ ಸಂಬಂಧಿಸಿದ್ದು. ಉಪಗ್ರಹ ಚಿತ್ರದ ಬಣ್ಣವನ್ನು ಅದರೊಂದಿಗೆ ನೇರವಾಗಿ ಹೋಲಿಸಲಾಗದು.