ಕುಟ್ಟಾಣಿಗೆ ಇಬ್ಬರು

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು ಎಂದಾಗ ಮನೆಯವರೆಲ್ಲ ನನ್ನ ಬಾಯಿ ಕಡೆ ನೋಡಿದರು. ತಪ್ಪೇನಿಲ್ಲ ಬಿಡಿ. ಆ ಉಬ್ಬು ಹಲ್ಲು ನನ್ನದೇ ಆಸ್ತಿ, ಕಾಫಿ ತೋಟಕ್ಕಿಂತ ಮೊದಲೇ ಅವಳ ಹೆಸರಿಗೆ ಖಾತೆ ಆಗಿಬಿಟ್ಟಿದೆ.

ಅವಳಿಗೆ 12 ವರ್ಷ. ಹಾಲುಹಲ್ಲೆಲ್ಲ ಬಿದ್ದು ಮುಗಿದಿತ್ತು. ಸೋಮವಾರಪೇಟೆಯಲ್ಲಿ ಬಸ್ ಹತ್ತಿ, ಮಾದಾಪುರ, ಹಟ್ಟಿಹೊಳೆ ದಾಟಿ ಮಡಿಕೇರಿಗೆ ಹೋದೆವು. ಜೂನ್ ತಿಂಗಳು. ಬಸ್ಸಿನೊಳಗೂ ಒಬ್ಬರು ಕೊಡೆ ಬಿಚ್ಚಿ ಕೂತಿದ್ದರು, ಅಷ್ಟು ಮಳೆ.

ಮೊದಲ ದಿನ ಬರೀ ಎಕ್ಸ್‌ರೇ ಮತ್ತು ಅಳತೆ. ರಬ್ಬರ್ ಬಟ್ಟಲಲ್ಲಿ ಗುಲಾಬಿ ಬಣ್ಣದ ಪುಡಿಯನ್ನು ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಲಾಳದಂಥ ಟ್ರೇಗೆ ತುಂಬಿ ಬಾಯೊಳಗೆ ಒತ್ತಿ ಹಿಡಿದರು. "ಮೂಗಲ್ಲಿ ಉಸಿರಾಡು ಪುಟ್ಟಾ" ಎಂದರು ಡಾಕ್ಟರು. ಪುಟ್ಟನ ಕಾಲ್ಬೆರಳೆಲ್ಲ ಚಪ್ಪಲಿಯಲ್ಲಿ ಮುದುರಿಕೊಂಡಿದ್ದವು, ನನ್ನ ಹೆಬ್ಬೆರಳು ಅವಳ ಮುಷ್ಟಿಯಲ್ಲಿ ಸಿಕ್ಕು ಬೆಳ್ಳಗಾಗಿತ್ತು. ಹೊರಗೆ ತೆಗೆದ ಅಚ್ಚಿನಲ್ಲಿ ಹಲ್ಲಿನ ಗುಳಿಗಳು ಒಂದಕ್ಕೊಂದು ಮೊಣಕೈ ತಿವಿದುಕೊಂಡು ನಿಂತಿದ್ದವು. "ಅಪ್ಪಾ, ಇಷ್ಟೊಂದು ಸೊಟ್ಟ ಇದೆಯಾ?" ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಜಾಗ ಸಾಲದು, ಮೇಲಿನ ಎರಡು ಹಲ್ಲು ತೆಗೆಯಬೇಕು ಎಂದರು. ಈ ಸುದ್ದಿ ಕೇಳಿ ನಮ್ಮಮ್ಮ, ಅಂದರೆ ಅವಳ ಅಜ್ಜಿ, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಿಸಿದರು. "ನಾನಿಲ್ಲಿ ಒಂದು ಹಲ್ಲೂ ಇಲ್ಲದೆ ಒದ್ದಾಡ್ತಿದ್ದೀನಿ, ನೀವು ಗಟ್ಟಿ ಹಲ್ಲು ಕೀಳಿಸೋಕೆ ದುಡ್ಡು ಕೊಡ್ತೀರಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕ್ಲಿಪ್ ಹಾಕಿದ ದಿನ ನಾನೂ ಹತ್ತಿರ ನಿಂತು ನೋಡಿದೆ. ಪ್ರತಿ ಹಲ್ಲಿಗೂ ಅಕ್ಕಿಕಾಳಿನ ಅರ್ಧದಷ್ಟು ಬ್ರಾಕೆಟ್ ಅಂಟಿಸಿ, ನೀಲಿ ಲೈಟ್ ಹಿಡಿದು ಅಂಟು ಗಟ್ಟಿ ಮಾಡಿ, ಒಂದು ತೆಳು ತಂತಿ ಹಾಯಿಸಿ ಸಣ್ಣ ರಬ್ಬರ್ ಉಂಗುರಗಳಿಂದ ಬಿಗಿದರು. ಉಂಗುರದ ಬಣ್ಣ ಮಾತ್ರ ಅವಳ ಆಯ್ಕೆ. ಒಂದು ಕೆಂಪು, ಒಂದು ಹಸಿರು. ಬಾಯಿ ತೆರೆದರೆ ಡಿಸೆಂಬರ್‌ನ ಕಾಫಿ ಗೊಂಚಲು.

ಇಷ್ಟು ಬಡಕಲು ತಂತಿ ಹಲ್ಲು ಎಳೆಯುತ್ತದಾ ಅಂತ ನನಗೆ ಅನುಮಾನ. ಅದು ನಿಕ್ಕಲ್ ಮತ್ತು ಟೈಟಾನಿಯಂ ಸೇರಿಸಿದ್ದಂತೆ, ಎಷ್ಟು ಬಗ್ಗಿಸಿ ಕಟ್ಟಿದರೂ ಬಾಯಿಯ ಬಿಸಿಗೆ ತನ್ನ ಹಳೇ ಕಮಾನಿಗೇ ವಾಪಸ್ ಹೊರಡುತ್ತದೆ, ಹೋಗುವಾಗ ಹಲ್ಲನ್ನೂ ಕರೆದುಕೊಂಡು ಹೋಗುತ್ತದೆ. ಹಲ್ಲು ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸದು ಬೆಳೆಯುತ್ತದೆ. ತಿಂಗಳಿಗೆ ಹೆಚ್ಚೂಕಡಿಮೆ 1 ಮಿಲಿಮೀಟರ್. ನಮ್ಮ ತೋಟದ ಬೇಲಿ ಗೂಟಗಳೂ ಹೀಗೇ ಯಾರಿಗೂ ಗೊತ್ತಾಗದಂತೆ ವರ್ಷ ವರ್ಷ ನಮ್ಮ ಕಡೆಗೆ ಸರಿಯುತ್ತಿವೆ. ಅದಕ್ಕೆ ತಂತಿ ಕಾರಣ ಅಲ್ಲ, ಪಕ್ಕದ ತೋಟದವರು.

ಮೊದಲ ರಾತ್ರಿ ಅಕ್ಕಿ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಗಂಜಿ ಕುಡಿಯೋಕೂ ಅಳು. ತಂತಿ ತಾಗಿ ಕೆನ್ನೆಯ ಒಳಗೆ ಹುಣ್ಣು, ಅದಕ್ಕೆ ಡಾಕ್ಟರು ಕೊಟ್ಟ ಮೇಣದ ಉಂಡೆ ಒತ್ತಿದ್ದಾಯಿತು. ಸಮಾಧಾನ ಮಾಡೋಣ ಅಂತ ನಾನು ಮೊಬೈಲ್ ನೋಡಿ, 1728ರಲ್ಲೇ ಫ್ರಾನ್ಸಿನ ಪಿಯರ್ ಫೋಶಾರ್ ಅನ್ನೋ ದಂತವೈದ್ಯರು ಲಾಳದ ಆಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ನೇರ ಮಾಡುವ ವಿಧಾನ ಬರೆದಿಟ್ಟಿದ್ದಾರೆ ಎಂದೆ. ಅವಳು ಅಳು ನಿಲ್ಲಿಸಿ, "ಸಾರು ಊಟ ಮಾಡಿದ್ರೆ ದಾರ ನೆನೆಯಲ್ವಾ?" ಅಂದಳು. "ಮಗು ನೋವು ಅಂತಿದ್ರೆ ಇವನದ್ದೊಂದು ಕತೆ" ಅಂತ ಅಮ್ಮ ಬೈದರು.

ತಣ್ಣಗಿನದು ತಿಂದರೆ ಆ ತಂತಿಯ ಬಿಗಿ ಸ್ವಲ್ಪ ಸಡಿಲವಾಗುತ್ತದೆ, ನೋವು ಇಳಿಯುತ್ತದೆ. ಐಸ್‌ಕ್ರೀಮ್ ತಂದೆ. ಸೋಮವಾರಪೇಟೆ ಮಳೆಯಲ್ಲಿ, ಒಲೆ ಮೇಲೆ ಕಂಬಳಿ ಒಣಗಿಸುವ ದಿನಗಳಲ್ಲಿ, ಮಗುವಿಗೆ ಐಸ್‌ಕ್ರೀಮ್! ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಆಮೇಲೆ ನೋವು ಹೋಯಿತು, ಪಥ್ಯ ಉಳಿಯಿತು. ಚಕ್ಕುಲಿ, ಚಿಕ್ಕಿ, ಹುರಿಗಡಲೆ, ಕಬ್ಬು ಯಾವುದೂ ಇಲ್ಲ, ಸೀಬೆಕಾಯಿ ಕಚ್ಚೋ ಹಾಗಿಲ್ಲ. ಹೊರಗೆ ಧೋ ಅಂತ ಸುರಿಯುವಾಗ ಚಕ್ಕುಲಿ ಇಲ್ಲದೆ ಮಕ್ಕಳು ಹೇಗಿರಬೇಕು ಹೇಳಿ?

ಒಂದು ಮಧ್ಯಾಹ್ನ ಜಗಲಿಯಿಂದ ಟಕ್ ಟಕ್ ಸದ್ದು. ಅಮ್ಮನ ಅಡಿಕೆ ಹೊತ್ತು ಅಲ್ಲವಲ್ಲ ಅಂತ ಹೋಗಿ ನೋಡಿದರೆ ಮಗಳು ಕುಟ್ಟಾಣಿಯಲ್ಲಿ ಚಕ್ಕುಲಿ ಕುಟ್ಟುತ್ತಿದ್ದಾಳೆ. ಪಕ್ಕದಲ್ಲಿ ಅಜ್ಜಿ ಡಬ್ಬ ಹಿಡಿದು, ಇನ್ನೂ ನುಣ್ಣಗೆ, ಇನ್ನೂ ನುಣ್ಣಗೆ ಅಂತ ಪಾಠ ಹೇಳುತ್ತಿದ್ದಾರೆ. ಪುಡಿಯಲ್ಲಿ ಅಡಿಕೆ ಸುಣ್ಣದ ವಾಸನೆ. ಇಬ್ಬರೂ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು ಮಳೆ ನೋಡುತ್ತಾ ಚಪ್ಪರಿಸಿದರು.

ಈಗ ಕುಟ್ಟಾಣಿಗೆ ದಿನಾ ಜಗಳ.

"ಕ್ಲಿಪ್ಪು ಬಿಚ್ಚಿದ್ಮೇಲೆ ನನಗೆ ವಾಪಸ್ ಕೊಡ್ತೀಯಾ ತಾನೆ?"

"ಡಾಕ್ಟ್ರು ಒಂದೂವರೆ ವರ್ಷ ಅಂದಿದ್ದಾರೆ ಅಜ್ಜಿ."